ಡೊನಾಲ್ಡ್ ಪೆಡರ್ಸನ್

ಡೊನಾಲ್ಡ್ ಆಸ್ಕರ್ ಪೆಡರ್ಸನ್ (ಸೆಪ್ಟೆಂಬರ್ 30, 1925 – ಡಿಸೆಂಬರ್ 25, 2004) ಅಮೆರಿಕದ ವಿದ್ಯುನ್ಮಾನ ಎಂಜಿನಿಯರ್ ಹಾಗೂ ಪ್ರಾಧ್ಯಾಪಕರು. ವಿದ್ಯುನ್ಮಂಡಲಗಳ ವರ್ತನೆಯನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ತೋರಿಸುವ ‘ಸ್ಪೈಸ್’ ತಂತ್ರಾಂಶವು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಇವರ ಮುಂದಾಳತ್ವದಲ್ಲಿ ರೂಪುಗೊಂಡಿತು. ಅದು ಎಲ್ಲರಿಗೂ ಮುಕ್ತವಾಗಿ ದೊರೆಯಬೇಕೆಂಬ ಇವರ ನಿಲುವು ಇಂದಿನ ಮುಕ್ತ ತಂತ್ರಾಂಶಗಳಿಗೂ ತಳಹದಿಯಾಗಿದೆ.

ಜೀವನ

ಪೆಡರ್ಸನ್ ಮಿನ್ನೆಸೋಟ ರಾಜ್ಯದ ಹಾಲಕ್ ಎಂಬ ಊರಿನಲ್ಲಿ ಜನಿಸಿದರು. 1948ರಲ್ಲಿ ನಾರ್ತ್ ಡಕೋಟ ಕೃಷಿ ಕಾಲೇಜಿನಿಂದ ಪದವಿಯನ್ನೂ, 1951ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದರು. ಕೆಲಕಾಲ ಬೆಲ್ ಪ್ರಯೋಗಾಲಯದಲ್ಲಿದ್ದು, 1955ರಲ್ಲಿ ಬರ್ಕ್ಲಿಯನ್ನು ಸೇರಿದರು. 1960ರ ದಶಕದ ಆರಂಭದಲ್ಲಿ ಸಹೋದ್ಯೋಗಿಗಳೊಡನೆ ಅಲ್ಲಿ ಐ.ಸಿ. ಎಂದು ಪರಿಚಿತವಾದ ಸಂಯೋಜಿತ ಮಂಡಲಗಳ ತಯಾರಿಕಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ವಿಶ್ವವಿದ್ಯಾಲಯವೊಂದರಲ್ಲಿ ಇಂತಹ ಸೌಲಭ್ಯ ಆರಂಭವಾದದ್ದು ಅದೇ ಮೊದಲು.

ಸ್ಪೈಸ್‌ನ ಹುಟ್ಟು

ಬಿಡಿ ಭಾಗಗಳನ್ನು ಜೋಡಿಸಿದ ಮಂಡಲದಲ್ಲಿ ತಪ್ಪು ಕಂಡರೆ ಒಂದು ಭಾಗವನ್ನು ತೆಗೆದು ಇನ್ನೊಂದನ್ನು ಹಾಕಬಹುದು. ಸಿಲಿಕಾನ್ ಬಿಲ್ಲೆಯ ಮೇಲೆ ಅಚ್ಚಾದ ಮಂಡಲದಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ತಯಾರಿಕೆಗೆ ಮೊದಲೇ ಗಣಿತದ ಮೂಲಕ ಪರೀಕ್ಷಿಸುವುದು ಅನಿವಾರ್ಯವಾಯಿತು. 1969-70ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕ ರೊನಾಲ್ಡ್ ರೋರರ್ ತಮ್ಮ ವಿದ್ಯಾರ್ಥಿಗಳಿಗೆ ಇಂತಹ ಕ್ರಮವಿಧಿಯೊಂದನ್ನು ಬರೆಯುವ ಕೆಲಸವನ್ನು ವಹಿಸಿದರು. ಅದನ್ನು ಪೆಡರ್ಸನ್ ಮೆಚ್ಚಿದರೆ ಮಾತ್ರ ತೇರ್ಗಡೆ ಎಂಬುದು ಷರತ್ತಾಗಿತ್ತು. ಹೀಗೆ ಸಿದ್ಧವಾದ ‘ಕ್ಯಾನ್ಸರ್’ ಎಂಬ ತಂತ್ರಾಂಶವೇ ಸ್ಪೈಸ್‌ನ ಪೂರ್ವರೂಪ.

ರೋರರ್ ಬರ್ಕ್ಲಿಯನ್ನು ಬಿಟ್ಟ ಬಳಿಕ, ವಿದ್ಯಾರ್ಥಿ ಲಾರೆನ್ಸ್ ನೇಗಲ್ ಪೆಡರ್ಸನ್ನರ ಮಾರ್ಗದರ್ಶನದಲ್ಲಿ ಕೆಲಸ ಮುಂದುವರಿಸಿದರು. ಹಳೆಯ ತಂತ್ರಾಂಶದ ಮೇಲೆ ಸ್ವಾಮ್ಯದ ನಿರ್ಬಂಧಗಳಿದ್ದುದರಿಂದ, ಅವು ಉಳಿಯದಂತೆ ಅದನ್ನು ಹೊಸದಾಗಿ ಬರೆಯಬೇಕೆಂದು ಪೆಡರ್ಸನ್ ಪಟ್ಟುಹಿಡಿದರು. ಹೀಗೆ ರೂಪುಗೊಂಡ ಸ್ಪೈಸ್ ಅನ್ನು 1973ರಲ್ಲಿ ಕೆನಡಾದ ವಾಟರ್ಲೂನಲ್ಲಿ ನಡೆದ ಸಮ್ಮೇಳನದಲ್ಲಿ ಅವರು ಪರಿಚಯಿಸಿದರು. ಎರಡನೆಯ ಆವೃತ್ತಿ 1975ರಲ್ಲಿ ಫೋರ್‌ಟ್ರಾನ್ ಭಾಷೆಯಲ್ಲಿಯೂ, ಮೂರನೆಯದು 1989ರಲ್ಲಿ ಸಿ ಭಾಷೆಯಲ್ಲಿಯೂ ಬಂದವು.

ರೋಧಕ, ಧಾರಕ, ಟ್ರಾನ್ಸಿಸ್ಟರ್ ಮೊದಲಾದವುಗಳ ಜೋಡಣೆಯನ್ನು ಪಠ್ಯರೂಪದಲ್ಲಿ ಕೊಟ್ಟರೆ, ಸ್ಪೈಸ್ ಕಿರ್ಚಾಫನ ನಿಯಮಗಳಿಗೆ ಅನುಗುಣವಾಗಿ ಸಮೀಕರಣಗಳನ್ನು ರಚಿಸುತ್ತದೆ. ಟ್ರಾನ್ಸಿಸ್ಟರಿನ ವರ್ತನೆ ಸರಳರೇಖೆಯಂತಿಲ್ಲವಾದ್ದರಿಂದ, ಉತ್ತರವು ಸ್ಥಿರವಾಗುವವರೆಗೆ ಲೆಕ್ಕವನ್ನು ಮರುಮರಳಿ ಮಾಡುತ್ತದೆ.

ಪರಿಣಾಮ

ಮೂಲ ಸಂಕೇತವೇ ಕೈಗೆ ಸಿಕ್ಕಿದ್ದರಿಂದ ವಿಶ್ವವಿದ್ಯಾಲಯಗಳೂ ಉದ್ಯಮಗಳೂ ಅದನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿ ಬೆಳೆಸಿದವು. ಪಿಸ್ಪೈಸ್, ಎಚ್‌ಸ್ಪೈಸ್‌ಗಳಂತಹ ವಾಣಿಜ್ಯ ತಂತ್ರಾಂಶಗಳೂ ಇದೇ ಬೇರಿನಿಂದ ಚಿಗುರಿದವು. ಮೂರನೆಯ ಆವೃತ್ತಿಯನ್ನು ಆಧರಿಸಿದ ‘ಎನ್‌ಜಿಸ್ಪೈಸ್’ ಇಂದು ಮುಕ್ತವಾಗಿ ಲಭ್ಯವಿದ್ದು, ಮಂಡಲ ವಿನ್ಯಾಸದ ‘ಕೈಕ್ಯಾಡ್’ ತಂತ್ರಾಂಶದೊಳಗೂ ಅಳವಟ್ಟಿದೆ. ಮುಂಬಯಿಯ ಐಐಟಿಯ ‘ಫಾಸೀ’ ಯೋಜನೆಯು ರೂಪಿಸಿದ ‘ಇ-ಸಿಮ್’ ಕೂಡ ಎನ್‌ಜಿಸ್ಪೈಸನ್ನೇ ಬಳಸುತ್ತದೆ. ಇದರಿಂದಾಗಿ ದುಬಾರಿ ಪರವಾನಗಿ ಕೊಳ್ಳಲಾಗದ ವಿದ್ಯಾರ್ಥಿಯೂ ತನ್ನ ಮಂಡಲವನ್ನು ಪರೀಕ್ಷಿಸಿ ನೋಡಬಹುದಾಗಿದೆ.

ಗೌರವಗಳು

ಪೆಡರ್ಸನ್ 1974ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದರು. 1998ರಲ್ಲಿ ಐಇಇಇ ಸಂಸ್ಥೆಯ ಅತ್ಯುನ್ನತ ಗೌರವ ಪದಕ ಅವರಿಗೆ ಸಂದಿತು. ಪಾರ್ಕಿನ್ಸನ್ ಕಾಯಿಲೆಯ ತೊಡಕುಗಳಿಂದ 79ನೆಯ ವಯಸ್ಸಿನಲ್ಲಿ ನಿಧನರಾದರು. 2011ರಲ್ಲಿ ಅದೇ ಸಂಸ್ಥೆಯು ಸ್ಪೈಸ್ ಅನ್ನು ವಿದ್ಯುನ್ಮಾನ ಇತಿಹಾಸದ ಮೈಲಿಗಲ್ಲೆಂದು ಗುರುತಿಸಿತು.