ಪ್ರೊಫೆಸರ್ ಸಿ. ಆರ್. ನಾರಾಯಣರಾಯರು

ನಮ್ಮ ದೇಶದಲ್ಲಿ ಪ್ರಾಣಿಶಾಸ್ತ್ರದ ಬೋಧನೆಗೂ ಸಂಶೋಧನೆಗೂ ಭದ್ರವಾದ ಬುನಾದಿ ಹಾಕಿದ ಮಹನೀಯರಲ್ಲಿ ಪ್ರೊಫೆಸರ್ ಸಿ. ಆರ್. ನಾರಾಯಣರಾಯರು ಒಬ್ಬರು. 1882ರ ಆಗಸ್ಟ್ 15ರಂದು ಕೊಯಮತ್ತೂರಿನಲ್ಲಿ ಜನಿಸಿದ ಅವರು ಆರಂಭದ ವಿದ್ಯಾಭ್ಯಾಸವನ್ನು ಪಡೆದುದು ಬಳ್ಳಾರಿಯಲ್ಲಿ. ಹೊಸಪೇಟೆ, ಹಂಪಿ, ಕಂಪ್ಲಿಗಳು ಆಗ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ಈ ಸೀಮೆಯಲ್ಲಿ ಓದಿದ ಬಾಲಕನು ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿ, ಕೆಲಕಾಲ ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಅಧ್ಯಾಪಕರಾಗಿದ್ದು, ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಕಪ್ಪೆಗಳ ಅಧ್ಯಯನದಿಂದ ರಾಯರು ಖ್ಯಾತರಾದರು. ಆದರೆ ಅಷ್ಟೇ ಮಹತ್ವದ ಮತ್ತೊಂದು ಕಾರ್ಯವನ್ನು ಬಲ್ಲವರು ವಿರಳ. ಅದು ಕಾಡುಪಾಪದ ಅಂಡಾಶಯವನ್ನು ಕುರಿತದ್ದು.

ಬಹುಪಾಲು ಸ್ತನಿಗಳಲ್ಲಿ ಅಂಡಾಣುಗಳ ಮೂಲಕೋಶಗಳು ಹೆಣ್ಣುಮರಿ ಗರ್ಭದಲ್ಲಿರುವಾಗಲೇ, ಇಲ್ಲವೆ ಹುಟ್ಟಿದ ಹೊಸತರಲ್ಲಿ, ವಿಭಜನೆಯನ್ನು ಮುಗಿಸಿಬಿಡುತ್ತವೆ. ಹಾಗೆ ಉಂಟಾದ ಅಪಕ್ವ ಅಂಡಾಣುಗಳು ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆಯನ್ನು ಆರಂಭಿಸಿ ನಡುವೆಯೇ ನಿಂತು, ವರ್ಷಾನುಗಟ್ಟಲೆ ಕಾಯುತ್ತವೆ. ಮಾನವ ಶಿಶುವಿನಲ್ಲಿ ಜನನಕಾಲಕ್ಕೆ ಸುಮಾರು 10ರಿಂದ 20 ಲಕ್ಷದಷ್ಟಿರುವ ಇವುಗಳಲ್ಲಿ ಪಕ್ವವಾಗಿ ಹೊರಬೀಳುವವು 400ರ ಆಸುಪಾಸು ಮಾತ್ರ, ಉಳಿದವು ನಶಿಸುತ್ತವೆ. ಹಾಗಾದರೆ ವಯಸ್ಕ ಪ್ರಾಣಿಯಲ್ಲಿ ಹೊಸ ಅಂಡಾಣು ಹುಟ್ಟುವುದೇ ಇಲ್ಲವೆ? ವಿದ್ವಾಂಸರಲ್ಲಿ ಬಹುಕಾಲ ಚರ್ಚೆಗೆ ಗುರಿಯಾದ ಪ್ರಶ್ನೆಯಿದು.

ರಾಯರು ಇದಕ್ಕೆ ಸಂಬಂಧಿಸಿದ ಶೋಧಕ್ಕಾಗಿ ನಮ್ಮ ಕುರುಚಲು ಕಾಡುಗಳಲ್ಲಿ ರಾತ್ರಿ ಸಂಚರಿಸುವ ದೊಡ್ಡ ಕಣ್ಣಿನ ಕಾಡುಪಾಪವನ್ನು ಕೈಗೆತ್ತಿಕೊಂಡರು. ಅದರ ಅಂಡಾಶಯದ ರಚನೆಯನ್ನೂ ಅಂಡಾಣುವಿನ ಸ್ವರೂಪವನ್ನೂ ಸೂಕ್ಷ್ಮದರ್ಶಕದಿಂದ ಪರಿಶೀಲಿಸಿ, 1927ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅವರ ಶಿಷ್ಯ ಎಲ್. ಎಸ್. ರಾಮಸ್ವಾಮಿಯವರು ಟಿ. ಸಿ. ಆನಂದಕುಮಾರರೊಡನೆ 1962ರಲ್ಲಿ ಅದೇ ಪ್ರಾಣಿಯ ಸಂತಾನಚಕ್ರವನ್ನು ವಿವರಿಸಿದರು. 1968ರಲ್ಲಿ ಆನಂದಕುಮಾರರ ಅಧ್ಯಯನವು, ವಯಸ್ಕ ಕಾಡುಪಾಪದಲ್ಲಿಯೂ ಮೂಲಕೋಶಗಳು ವಿಭಜನೆ ಹೊಂದುವುದನ್ನು ತೋರಿಸಿತು. ಸ್ತನಿಗಳಿಗೆಲ್ಲ ಅನ್ವಯಿಸುವುದೆಂದು ಭಾವಿಸಿದ್ದ ನಿಯಮಕ್ಕೆ ನಮ್ಮ ಕಾಡಿನ ಪುಟ್ಟ ಜೀವಿ ಅಪವಾದವಾಯಿತು. ಗುರುವು ಆರಂಭಿಸಿದ ಕಾರ್ಯ ಶಿಷ್ಯಪರಂಪರೆಯಲ್ಲಿ ಹೀಗೆ ಮುಂದುವರಿಯಿತು.

1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಗೆ ರಾಯರೇ ಪ್ರಥಮ ಸಂಪಾದಕರು. 1937ರಲ್ಲಿ ಅಧ್ಯಾಪನದಿಂದ ನಿವೃತ್ತರಾದರು. 1960ರ ಜನವರಿ 2ರಂದು ದಿವಂಗತರಾದರು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ‘ರಾವರ್ಕೆಸ್ಟಿಸ್’ ಎಂದು ಅವರ ಹೆಸರನ್ನೇ ಇಡಲಾಯಿತು. ಮಳೆಗಾಲದ ಇರುಳಿನಲ್ಲಿ ಪಶ್ಚಿಮ ಘಟ್ಟದ ಪೊದೆಗಳಿಂದ ಕೂಗುವ ಆ ಕಿರುಗಪ್ಪೆಗಳಲ್ಲಿ ರಾಯರ ಹೆಸರು ಉಳಿದಿದೆ.