ಬಳೆಗಾರರ ಮನೆಯ ಕವಿಚಕ್ರವರ್ತಿ

ಕವಿಗಳ ಬಾಲ್ಯವನ್ನು ಸಂಗೀತನಾಟಕವಾಗಿ ಆಡಿ ತೋರಿಸುವುದು ನಮ್ಮ ರಂಗಭೂಮಿಗೆ ಬಹುಕಾಲದಿಂದಲೂ ಪ್ರಿಯವಾದ ಕಾರ್ಯ. ಅವುಗಳಲ್ಲಿ ಕಾಳಿದಾಸನ ಕಥೆಗೆ ದೊರೆತಷ್ಟು ಜನಾದರವು ಮತ್ತೊಂದಕ್ಕೆ ದೊರೆತಿರುವುದು ಅಪರೂಪವೇ ಸರಿ. ಕುಳಿತ ಕೊಂಬೆಯನ್ನೇ ಕಡಿಯುವ ಮುಗ್ಧನು ಕಾಳಿಯ ಕೃಪೆಯಿಂದ ಒಂದೇ ರಾತ್ರಿಯಲ್ಲಿ ಮಹಾಕವಿಯಾಗುವ ಆ ಕಥೆಯು 1955ರಲ್ಲಿ ಹೊನ್ನಪ್ಪ ಭಾಗವತರಿಂದಲೂ, 1983ರಲ್ಲಿ ರಾಜಕುಮಾರರಿಂದಲೂ ಚಲಚ್ಚಿತ್ರದಲ್ಲಿ ಮೆರೆಯಿತು. ಕಥೆಯು ರಮ್ಯವಾದುದೇ, ಸಂಶಯವಿಲ್ಲ. ಆದರೆ ವಿದ್ಯೆಯು ವರದಿಂದ ಬರತಕ್ಕದ್ದು, ದುಡಿದು ಪಡೆಯತಕ್ಕದ್ದಲ್ಲ ಎಂಬ ಭಾವನೆಯನ್ನು ಅದು ಎಳೆಯರ ಮನಸ್ಸಿನಲ್ಲಿ ಬಿತ್ತಿದರೆ ಆಶ್ಚರ್ಯವಿಲ್ಲ. ಅದಕ್ಕೆ ಪ್ರತ್ಯುತ್ತರವಾಗಿ ನಿಲ್ಲಬಲ್ಲ ಜೀವನವೊಂದು ಕನ್ನಡದಲ್ಲಿಯೇ ಇದೆ, ಅದು ರನ್ನನದು.

ರನ್ನನು ಕ್ರಿ. ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ ಜನಿಸಿದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆತನದ ಕಸುಬು ಬಳೆಗಾರಿಕೆ. ಆ ಕಾಲದಲ್ಲಿ ಕಾವ್ಯವೆಂಬುದು ಬಹುಮಟ್ಟಿಗೆ ಅರಸರ ಆಸ್ಥಾನದ ಹಾಗೂ ಪಂಡಿತರ ಮನೆಗಳ ಸ್ವತ್ತಾಗಿದ್ದಿತು. ಪಂಪನು ವೈದಿಕ ಮೂಲದ ಮನೆತನದವನು, ಶಸ್ತ್ರವನ್ನೂ ಬಲ್ಲವನು. ಪೊನ್ನನು ಮಾನ್ಯಖೇಟದ ಚಕ್ರವರ್ತಿ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದವನು. ಬಳೆಯ ಮಲಾರವನ್ನು ಹೊತ್ತು ಮನೆಮನೆಯ ಬಾಗಿಲಿಗೆ ಹೋಗುವವರ ಮಗನಿಗೆ ಅಂತಹ ಆನುಕೂಲ್ಯವೊಂದೂ ಇರಲಿಲ್ಲ. ಕುಲವೃತ್ತಿಯನ್ನು ಹಿಡಿದಿದ್ದರೆ ಹೊಟ್ಟೆಗೆ ಕೊರತೆಯಾಗುತ್ತಿರಲಿಲ್ಲ. ಕನ್ನಡಕ್ಕೆ ಮಾತ್ರ ಕೊರತೆಯಾಗುತ್ತಿತ್ತು.

ಯುವಕನು ವಿದ್ಯೆಯನ್ನು ಅರಸುತ್ತ ತೆಂಕಣ ಗಂಗರ ನಾಡಿಗೆ ನಡೆದನು. ಮುಧೋಳಕ್ಕೂ ಶ್ರವಣಬೆಳಗೊಳಕ್ಕೂ ನೂರಾರು ಮೈಲಿಗಳ ಅಂತರ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾಗಿ ದೊರೆತರು. ಗಂಗರ ಮಂತ್ರಿಯೂ ಸೇನಾನಿಯೂ ಆದ ಚಾವುಂಡರಾಯನು ಆಶ್ರಯದಾತನಾದನು. ಈ ಚಾವುಂಡರಾಯನೇ ವಿಂಧ್ಯಗಿರಿಯ ಗೊಮ್ಮಟನನ್ನು ಕಡೆಯಿಸಿದವನು, ಅಜಿತಸೇನರಿಗೆ ಶಿಷ್ಯನಾದವನು. ಮಂತ್ರಿಗೂ ಬಳೆಗಾರರ ಮಗನಿಗೂ ಒಬ್ಬನೇ ಗುರುವೆಂಬ ಸಂಗತಿಯನ್ನು ವಾಚಕರು ಗಮನಿಸಬೇಕು. ಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿ ರನ್ನನೆಂಬ ಹೆಸರು ಇಂದಿಗೂ ಕಾಣುತ್ತದೆ.

ರನ್ನನು ಹೀಗೆ ಬೆಳೆಯುತ್ತಿರುವಾಗ ನಾಡಿನ ರಾಜಕೀಯವೇ ಬುಡಮೇಲಾಯಿತು. 972ರಲ್ಲಿ ಪರಮಾರರ ಸೀಯಕನು ಮಾನ್ಯಖೇಟವನ್ನು ಸೂರೆಗೈದನು; ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಪ್ರಭುತ್ವವನ್ನು ಕೊನೆಗಾಣಿಸಿದನು. ಆ ಮಾನ್ಯಖೇಟವೇ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಈ ಊರಿನಲ್ಲಿಯೇ ಅದಕ್ಕೆ ಮುನ್ನ ಶತಾಧಿಕ ವರ್ಷಗಳ ಹಿಂದೆ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿತ್ತು. ಕಾಗಿಣೆಯು ಸೇರುವ ಭೀಮೆಯ ತೀರದ ಸನ್ನತಿಯಲ್ಲಿ ಅಶೋಕನ ಶಾಸನಗಳೂ, ನೆರೆಯ ಕನಗನಹಳ್ಳಿಯಲ್ಲಿ ಬೌದ್ಧಸ್ತೂಪವೂ ದೊರೆತಿವೆ. ಅಕ್ಷರಕ್ಕೆ ಇಷ್ಟು ಹಳೆಯ ನೆಲೆಯು ಕರ್ಣಾಟಕದಲ್ಲಿ ಅಪೂರ್ವ.

ಸಾಮ್ರಾಜ್ಯವು ಬಿದ್ದರೂ ಕನ್ನಡದ ಕಾವ್ಯವು ಬೀಳಲಿಲ್ಲ. ತೈಲಪನು ರನ್ನನನ್ನು ಕರೆದು ಕವಿಚಕ್ರವರ್ತಿ ಎಂಬ ಬಿರುದಿನಿಂದ ಸನ್ಮಾನಿಸಿದನು. ಕಲ್ಯಾಣವು ರಾಜಧಾನಿಯಾಗುವುದಕ್ಕೆ ಮೊದಲು ಚಾಲುಕ್ಯರು ಆಳಿದುದು ಮಾನ್ಯಖೇಟದಿಂದಲೇ ಆದುದರಿಂದ, ರನ್ನನ ಕೀರ್ತಿಯಲ್ಲಿ ಈ ಸೀಮೆಗೂ ಪಾಲಿದೆ.

ಇದೇ ಕಾಲದಲ್ಲಿ ಅತ್ತಿಮಬ್ಬೆಯ ಔದಾರ್ಯವು ಬೆಳಗಿತು. ಪತಿ ನಾಗದೇವನು ರಣದಲ್ಲಿ ಮಡಿದಾಗ ಆಕೆಯ ತಂಗಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗನನ್ನು ಸಾಕುವುದಕ್ಕಾಗಿ ಬದುಕಿ ಉಳಿದಳು. ಉಳಿದವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಕಂಠದಿಂದ ಓಲೆಯ ಮೇಲೆ ಕೊರೆಯಬೇಕಾಗಿದ್ದಿತು ಎಂಬುದನ್ನು ನೆನೆದರೆ ಆ ದಾನದ ಹಿರಿಮೆಯು ತಿಳಿಯುತ್ತದೆ. ಆಕೆಯ ಪ್ರೇರಣೆಯಿಂದ ರನ್ನನು 993ರಲ್ಲಿ ಅಜಿತತೀರ್ಥಂಕರ ಪುರಾಣವನ್ನು ರಚಿಸಿದನು. ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಸಾಹಸಭೀಮವಿಜಯವು ಗದಾಯುದ್ಧವೆಂದೇ ಪ್ರಖ್ಯಾತವಾಗಿದೆ.

ಕವಿಯು ಉಪಕಾರವನ್ನು ಮರೆಯುವವನಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು, ಇಬ್ಬರು ಪೋಷಕರನ್ನು ತನ್ನ ಮನೆಯಲ್ಲಿಯೇ ನೆಲೆಗೊಳಿಸಿದನು. ತನ್ನ ಕುಲವನ್ನೂ ಅವನು ಮರೆಮಾಚಲಿಲ್ಲ. ಬಿರುದು ಬಂದಮೇಲೆ ವಂಶಕ್ಕೆ ಹೊಸ ಬಣ್ಣ ಬಳಿದುಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ರನ್ನನಾದರೋ ತಾನು ಬಳೆಗಾರರವನೆಂದು ಕಾವ್ಯದಲ್ಲಿಯೇ ಬರೆದಿಟ್ಟನು. ನಮಗೆ ಅವನ ಮನೆತನದ ವೃತ್ತಾಂತವು ತಿಳಿದಿರುವುದು ಈ ನೇರವಾದ ನುಡಿಯಿಂದಲೇ.

ಅವನ ಕೃತಿಗೆ ರಂಗಭೂಮಿಯು ಹೊಸತಲ್ಲ. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಗದಾಯುದ್ಧವನ್ನು ನಾಟಕವಾಗಿ ಅಳವಡಿಸಿದರು. ಮೂಲಕಾವ್ಯದಲ್ಲಿಯೇ ಪಾತ್ರಗಳು ರಂಗದ ಮೇಲೆ ಬಂದು ಹೋಗುವಂತಿರುವುದರಿಂದ ಆ ಕಾರ್ಯವು ಸಹಜವಾಗಿ ಕೂಡಿಬಂದಿತು. ಕಾವ್ಯಕ್ಕೆ ದೊರೆತ ಈ ಮನ್ನಣೆಯು ಕವಿಯ ಬಾಲ್ಯಕ್ಕೂ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ಬಳೆಗಾರರ ಕೂಗು, ಹಾದಿಯ ಹಾಡು, ಬಸದಿಯ ಸ್ತೋತ್ರ, ಉರಿಯುವ ರಾಜಧಾನಿ, ಓಲೆ ಕೊರೆಯುವ ಲಿಪಿಕಾರರ ಸಾಲು: ಸಂಗೀತನಾಟಕಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿಯು ಬೇಕೆ? ಇಲ್ಲಿ ದೇವತೆಯು ಪ್ರತ್ಯಕ್ಷಳಾಗುವ ಅವಶ್ಯಕತೆಯಿಲ್ಲ. ಹಾದಿ ನಡೆಯುವ ಹುಡುಗನೊಬ್ಬ, ಕುಲವನ್ನು ಕೇಳದೆ ಪಾಠ ಹೇಳುವ ಗುರುವೊಬ್ಬರು, ಪುಸ್ತಕಕ್ಕೆ ಹಣ ತೆರುವ ತಾಯಿಯೊಬ್ಬಳು ಇದ್ದರೆ ಸಾಕು.

ಕಲಬುರಗಿಯಲ್ಲಿ ಇಂದು ರಂಗಾಯಣವಿದೆ. ಮಳಖೇಡದ ಕೋಟೆಯು ಹತ್ತಿರದಲ್ಲಿಯೇ ಇದೆ. ಅಧಿಕಾರಿಗಳೂ ಪುರಪ್ರಮುಖರೂ ಮನಸ್ಸು ಮಾಡಿದರೆ ಆ ಕೋಟೆಯ ಎದುರಿನಲ್ಲಿಯೇ ಇಂತಹ ನಾಟಕವು ನಡೆಯಬಹುದು. ಅದನ್ನು ನೋಡಿದ ಬಡ ಕಸುಬುದಾರನ ಮಗನೊಬ್ಬನು ಮರುದಿನ ತಪ್ಪದೆ ಶಾಲೆಗೆ ಹೊರಟರೆ, ರನ್ನನಿಗೆ ಸಲ್ಲಿಸಬೇಕಾದ ಋಣದಲ್ಲಿ ಒಂದಂಶವು ಸಂದಂತಾಗುವುದು.