ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದ ಮನಃಶಾಸ್ತ್ರದ ಪ್ರೊಫೆಸರ್

ಅಡಿಕೆ ಸುಲಿಯುತ್ತಾ ಭದ್ರಾವತಿ ಆಕಾಶವಾಣಿ ಕೇಳುವುದು ನಮ್ಮ ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಆದರೆ ರೇಡಿಯೋಗೆ 'ಆಕಾಶವಾಣಿ' ಎಂಬ ಹೆಸರು ಬಂದದ್ದು ಮೈಸೂರಿನ ಒಬ್ಬ ಮನಃಶಾಸ್ತ್ರ ಪ್ರಾಧ್ಯಾಪಕರ ಮನೆಯಿಂದ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿ. ವಿಜ್ಞಾನ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಗೆಳೆಯರು, ಅದರಲ್ಲೂ ವೈಯಕ್ತಿಕ ಜವಾಬ್ದಾರಿಯ ಬಗ್ಗೆ ಏನಾದರೂ ಮಾಡಬೇಕೆಂದಿರುವವರು, ಮೊದಲು ತಿಳಿಯಬೇಕಾದ ಜೀವನ ಇವರದು.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಃಶಾಸ್ತ್ರಜ್ಞರ ಬಳಿ ಸಂಶೋಧನೆ ಮಾಡಿದರು. ಬುದ್ಧಿಶಕ್ತಿಯನ್ನು ಅಂಕಿಗಳಲ್ಲಿ ಅಳೆಯುವುದು ಹೇಗೆಂದು ಆಗ ಅಲ್ಲಿ ದೊಡ್ಡ ಚರ್ಚೆ ನಡೆಯುತ್ತಿತ್ತು. ಇವರು ಕೈಗೆತ್ತಿಕೊಂಡ ಪ್ರಯೋಗ ಸರಳವಾಗಿತ್ತು. ಕಾಗದದ ಮೇಲಿನ ನಕ್ಷತ್ರವನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಅದರ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮೊದಲ ಸಲ ಕೈ ಎಡವುತ್ತದೆ, ಮತ್ತೆ ಮತ್ತೆ ಮಾಡಿದಾಗ ತಪ್ಪು ಕಡಿಮೆಯಾಗುತ್ತದೆ. ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದನ್ನು ಅವರು ಹೀಗೆ ಎಣಿಸಿ ನೋಡಿದರು.

1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಆಗ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ಭಾರತದಲ್ಲಿ ಈ ವಿಷಯಕ್ಕೆ ವಿಭಾಗಗಳೇ ವಿರಳವಾಗಿದ್ದ ಕಾಲ ಅದು. ಗೋಪಾಲಸ್ವಾಮಿಯವರು ಅಲ್ಲಿ ಪ್ರಯೋಗಾಲಯ ಕಟ್ಟಿದರು. ಹೊರದೇಶದ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಲು ದುಡಿದರು.

ಇಷ್ಟಕ್ಕೇ ನಿಂತಿದ್ದರೆ ಅವರು ಒಳ್ಳೆಯ ಮೇಷ್ಟರಾಗಿ ಉಳಿಯುತ್ತಿದ್ದರು. ಆಗ ಮುಂಬಯಿ, ಕಲ್ಕತ್ತೆಯಂಥ ನಗರಗಳಲ್ಲಿ ರೇಡಿಯೋ ಇತ್ತು, ಮೈಸೂರಿನಲ್ಲಿ ಇರಲಿಲ್ಲ. ಕನ್ನಡದ ಮಾತು, ಸಂಗೀತ ಜನರ ಮನೆಗೆ ತಲುಪಬೇಕೆಂದು ಬಯಸಿದವರು ಅನೇಕರಿದ್ದಿರಬಹುದು. ಗೋಪಾಲಸ್ವಾಮಿಯವರು ಬಯಸಿ ಸುಮ್ಮನಾಗಲಿಲ್ಲ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಶುರು ಮಾಡಿದರು. ಯಂತ್ರದ ಶಕ್ತಿ ಕೇವಲ 30 ವ್ಯಾಟ್, ಅಂದರೆ ಒಂದು ಸಣ್ಣ ಬಲ್ಬಿನಷ್ಟು! ಹೀಗೆ ಸುಮಾರು 6 ವರ್ಷ ನಡೆಸಿದ ಮೇಲೆ ಕೇಂದ್ರ ಮೈಸೂರು ಸರ್ಕಾರದ ಕೈ ಸೇರಿತು. ಮುಂದೆ ಅದೇ ಹೆಸರು ಇಡೀ ದೇಶದ ರೇಡಿಯೋ ಸಂಸ್ಥೆಯ ಹೆಸರಾಯಿತು. ರೇಡಿಯೋ ನಡೆಸುವುದು ಮನಃಶಾಸ್ತ್ರದ ಪ್ರೊಫೆಸರ್ ಒಬ್ಬರ ಕೆಲಸವೇನೂ ಆಗಿರಲಿಲ್ಲ. ಅವರೇ ಅದನ್ನು ತಮ್ಮ ಕೆಲಸ ಮಾಡಿಕೊಂಡರು.

ಹೀಗೆ ಮುಂದೆ ಬರುವವರು ಏಕೆ ಕಡಿಮೆ? ಇದಕ್ಕೆ ವಿಜ್ಞಾನದ ಉತ್ತರ ಸಿಕ್ಕಿದ್ದು ಮೈಸೂರಿನ ವಿಭಾಗ ಆರಂಭವಾಗಿ 44 ವರ್ಷಗಳ ನಂತರ. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲ್ಯಾಟನೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಮೈಕಿನ ಮೂಲಕ ಮಾತಾಡುತ್ತಿರುವಾಗ ಒಬ್ಬನಿಗೆ ಮೂರ್ಛೆ ಬಂದಂತೆ ದನಿ ಕೇಳಿಸಲಾಯಿತು. ಇದು ತನಗೊಬ್ಬನಿಗೇ ಕೇಳುತ್ತಿದೆ ಎಂದುಕೊಂಡವರಲ್ಲಿ ಶೇ. 85 ಮಂದಿ ಬೇಗ ಎದ್ದುಹೋಗಿ ಸಹಾಯ ಕೇಳಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದವರಲ್ಲಿ ಹಾಗೆ ಮಾಡಿದವರು ಶೇ. 31 ಮಾತ್ರ. ಸುಮ್ಮನಿದ್ದವರು ಕಲ್ಲುಹೃದಯದವರಲ್ಲ, ಅವರೂ ಗಾಬರಿಯಾಗಿದ್ದರು. ಆದರೆ ಜವಾಬ್ದಾರಿ ಐದು ಜನರಿಗೆ ಹಂಚಿಹೋಗಿ ಯಾರ ಪಾಲಿಗೂ ಪೂರ್ತಿಯಾಗಿ ಬರಲಿಲ್ಲ. ಹಾಸ್ಟೆಲಿನಲ್ಲಿ ನಲ್ಲಿ ಸುರಿಯುತ್ತಿದ್ದರೂ ಹತ್ತು ಮಂದಿ ನೋಡಿಕೊಂಡೇ ದಾಟಿಹೋಗುವುದು ಇದೇ ಕಾರಣಕ್ಕೆ.

ನಾವೂ ಇದನ್ನು ಪರೀಕ್ಷಿಸಬಹುದು. ಉಪನ್ಯಾಸಕರ ಒಪ್ಪಿಗೆ ಪಡೆದು 40 ವಿದ್ಯಾರ್ಥಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ವಸ್ತುಪ್ರದರ್ಶನಕ್ಕೆ ಪ್ರತಿಯೊಬ್ಬರೂ ಒಂದು ಹಳೆಯ ದಿನಪತ್ರಿಕೆ ತರಬೇಕೆಂದು ಮೊದಲ ಗುಂಪಿಗೆ ಒಟ್ಟಾಗಿ ತಿಳಿಸಿ. ಎರಡನೆಯ ಗುಂಪಿನಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಅದೇ ಮಾತು ಹೇಳಿ. ಮರುದಿನ ಎಷ್ಟು ಮಂದಿ ತಂದರೆಂದು ಎಣಿಸಿ. ಯಾವ ಗುಂಪು ಹೆಚ್ಚು ತರುತ್ತದೆ ಎಂಬ ಊಹೆಯನ್ನು ಮೊದಲೇ ಬರೆದಿಡಿ. ತಾರದವರ ಹೆಸರು ವರದಿಯಲ್ಲಿ ಬೇಡ, ಕೊನೆಗೆ ಎಲ್ಲರಿಗೂ ಪ್ರಯೋಗದ ಉದ್ದೇಶ ವಿವರಿಸಿ. ಊಹೆ ಸುಳ್ಳಾದರೂ ಅದನ್ನೇ ಬರೆಯಿರಿ, ಅದೂ ಫಲಿತಾಂಶವೇ.

ಡಾರ್ಲಿ ಮತ್ತು ಲ್ಯಾಟನೆ ತೋರಿಸಿದ್ದು ಗುಂಪಿನಲ್ಲಿ ನಾವು ಸಾಮಾನ್ಯವಾಗಿ ಹೇಗಿರುತ್ತೇವೆ ಎಂಬುದನ್ನು. ಹಾಗೆಯೇ ಇರಬೇಕಾಗಿಲ್ಲ ಎಂಬುದನ್ನು ಗೋಪಾಲಸ್ವಾಮಿಯವರು ಅದಕ್ಕೂ ಮೊದಲೇ 30 ವ್ಯಾಟಿನ ಯಂತ್ರವೊಂದರಿಂದ ತೋರಿಸಿದ್ದರು. ಅವರನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಕಾಲೇಜಿನ ನಲ್ಲಿ ಸೋರುವಾಗಲೂ ನಮ್ಮನ್ನು ಯಾರೂ ಕರೆಯುವುದಿಲ್ಲ. ಕಂಡವರೇ ನಿಲ್ಲಿಸಬೇಕು.